ತಿಂಡಿ ಕಪಾಟಿನ ಮುಂದೆ ನಿಂತವನು

ಮಗು ತನ್ನ ತಿಂಡಿಯನ್ನು ತಾನೇ ಆರಿಸಿಕೊಂಡು ತಿನ್ನಲಿ ಎಂದು ಮೊಟ್ಟಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಒಂದು ವಾರ ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ. ಊಟ, ಹಾಸಿಗೆ, ಚಹಾ ಎಲ್ಲ ನನ್ನದೇ. ನನ್ನ ಮಗ ಆರಿಸಿಕೊಂಡು ತಿನ್ನುವುದನ್ನು ಒಂದು ಸಲ ತೋರಿಸಿ ಹೋಗಲಿ, ಸಾಕು.

ನನಗೆ ಈ ಮಾತು ಹೇಳಿದ್ದು ಮೊಬೈಲಿನೊಳಗಿನ ಒಬ್ಬಾಕೆ. ಬೆಳ್ಳಗಿನ ಅಡುಗೆಮನೆ, ಬೆಳ್ಳಗಿನ ಬಟ್ಟಲು, ಹಿಂದೆ ನಗುತ್ತಾ ಕುಳಿತ ಒಂದು ಮಗು. ಆ ಮಗುವಿನ ಅಂಗಿಯ ಮೇಲೆ ಒಂದು ಕಲೆ ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ನನಗೆ ಆಗ ಎಲ್ಲಿಂದಲಾದರೂ ಒಂದು ದಾರಿ ಬೇಕಾಗಿತ್ತು.

ಶಿವಬಸವ ನಗರದಲ್ಲಿ ನಮ್ಮ ಮನೆ. ಗಂಡ, ನಾನು, ಅತ್ತೆ, ಎರಡೂವರೆ ವರ್ಷದ ಮಗ, ಇಷ್ಟೇ ಜನ. ನಾನು ಮನೆಗಳ ನಕ್ಷೆ ಬರೆಯುವವಳು. ಹೆರಿಗೆಯಾದಾಗ ಆಫೀಸು ಬಿಟ್ಟು, ಕಾಕತಿಯಲ್ಲೋ ಮತ್ತೆಲ್ಲೋ ಮನೆ ಕಟ್ಟಿಸುವವರಿಗೆ ಮನೆಯಲ್ಲೇ ಕುಳಿತು ಸಣ್ಣಪುಟ್ಟ ನಕ್ಷೆ ಮಾಡಿಕೊಡುತ್ತಿದ್ದೆ. ದಸರಾ ಆದಮೇಲೆ ವಾಪಸು ಬಾ, ಜಾಗ ಇದೆ ಎಂದು ಹಳೆಯ ಆಫೀಸಿನವರು ಕರೆದರು. ಕುಣಿಯುವಷ್ಟು ಖುಷಿಯಾಯಿತು. ಆದರೆ ಮಗ ನನ್ನ ಕೈಯಿಂದಲ್ಲದೆ ತಿನ್ನುತ್ತಿರಲಿಲ್ಲ. ನನ್ನ ಕೈಯಿಂದಲೂ ಸುಮ್ಮನೆ ತಿನ್ನುತ್ತಿರಲಿಲ್ಲ. ಟೀವಿ ಹಚ್ಚಬೇಕು, ಬಾಲ್ಕನಿಯಲ್ಲಿ ನಾಯಿ ತೋರಿಸಬೇಕು, ಮಂಚದ ಕೆಳಗೆ ತೂರಿದವನನ್ನು ಕಾಲು ಹಿಡಿದು ಎಳೆಯಬೇಕು. ಅವನು ಒಂದು ತುತ್ತು ನುಂಗುವಷ್ಟರಲ್ಲಿ ನನ್ನ ಒಂದು ಮನೆಯ ನಕ್ಷೆ ಮುಗಿಯುತ್ತಿತ್ತು.

ನಾನು ಆಫೀಸಿಗೆ ಹೋದರೆ ಇವನ ಹೊಟ್ಟೆಯ ಗತಿ ಏನು ಎಂದು ಮನೆಯಲ್ಲಿ ಮಾತು ಬಂತು. ಖಾನಾಪುರದಿಂದ ನನ್ನ ಅವ್ವ ಫೋನಿನಲ್ಲೇ ತೀರ್ಪು ಕೊಟ್ಟಳು.

“ಕೂಸನ್ನ ನನ್ನ ಕಡೆ ಬಿಡು. ಸಾಲಿಗೆ ಹಾಕೂಮಟ ಇಲ್ಲೇ ಇರ್ಲಿ. ನೀ ಐತವಾರಕ್ಕೊಮ್ಮೆ ಬಂದು ನೋಡ್ಕೊಂಡು ಹೋಗು.”

ನನ್ನ ಗಂಡ ಎಷ್ಟು ಬೇಗ “ಅದೂ ಖರೇನ” ಎಂದರೆಂದರೆ, ಅವರನ್ನೇ ಖಾನಾಪುರಕ್ಕೆ ಕಳಿಸಿಬಿಡಬೇಕು ಎನ್ನಿಸಿತು. ಅತ್ತೆ ಮಂಡಿನೋವಿನ ಹೆಂಗಸು, ಮಂಚದ ಕೆಳಗಿನಿಂದ ಹುಡುಗನನ್ನು ಎಳೆಯುವುದು ಅವರಿಂದಾಗದು ಎಂದು ಎಲ್ಲರಿಗೂ ಗೊತ್ತಿತ್ತು. ಖಾನಾಪುರ ಎಷ್ಟು ದೂರ, ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವುದರೊಳಗೆ ಬರುತ್ತದೆ ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ಐತವಾರಕ್ಕೊಮ್ಮೆ ಬರುವ ತಾಯಿಯನ್ನು ಮಕ್ಕಳು ಏನೆಂದು ನೋಡುತ್ತವೆ ಎಂದು ಯಾರೂ ಹೇಳಲಿಲ್ಲ. ಬಂದ ನೆಂಟರಂತೆ ನೋಡುತ್ತವೆ.

“ದಸರಾಮಟ ಟೈಮ್ ಕೊಡ್ರಿ,” ಎಂದೆ. “ಅಷ್ಟ್ರಾಗ ಅವನು ಈ ಮನ್ಯಾಗ ತಾನಾ ತಿನ್ನೂಹಂಗ ಮಾಡ್ತೀನಿ. ಆಗಲಿಲ್ಲಂದ್ರ ಕರ್ಕೊಂಡು ಹೋಗ್ರಿ, ನಾ ಬಾಯಿ ತೆಗಿಯೂದಿಲ್ಲ.”

ಹೀಗೆ ಆ ಮೊಬೈಲಿನಾಕೆ ನಮ್ಮ ಮನೆ ಹೊಕ್ಕಳು.

ಆಕೆಯ ಕ್ರಮ ಹೀಗೆ. ಮಗುವಿನ ಕೈಗೆ ಎಟಕುವಷ್ಟು ಕೆಳಗೆ ಒಂದು ಕಪಾಟು. ಅದರಲ್ಲಿ ಮೈಗೆ ಒಳ್ಳೆಯದಾದ ತಿಂಡಿಗಳು, ಸಣ್ಣ ಸಣ್ಣ ಬಟ್ಟಲುಗಳಲ್ಲಿ. ಹೊತ್ತಿಗೆ ಸರಿಯಾಗಿ ಕಪಾಟು ತೆರೆದಿಡಬೇಕು. ಮಗು ತಾನೇ ಬರುತ್ತದೆ, ತಾನೇ ನೋಡುತ್ತದೆ, ತಾನೇ ಆರಿಸುತ್ತದೆ. ದೊಡ್ಡವರು ಬಾಯಿಗೆ ಬೀಗ ಹಾಕಿಕೊಳ್ಳಬೇಕು. ‘ಬಾ’ ಅನ್ನಬಾರದು, ‘ತಿನ್ನು’ ಅನ್ನಬಾರದು, ತಿಂದರೆ ‘ಶಾಣ್ಯಾ’ ಅನ್ನಬಾರದು. ಕರೆದರೆ ಒತ್ತಾಯ ಮಾಡಿದ ಹಾಗೆ. ಒತ್ತಾಯ ಮಾಡಿದರೆ ಮಗು ಜನ್ಮವಿಡೀ ಊಟದ ಮೇಲೆ ಸಿಟ್ಟು ಮಾಡಿಕೊಳ್ಳುತ್ತದಂತೆ. ನಮ್ಮ ಅವ್ವ ಕೆನ್ನೆ ಹಿಡಿದು ತುರುಕಿದ್ದನ್ನು ತಿಂದು ಬೆಳೆದ ನಾನು ಊಟದ ಮೇಲೆ ಯಾವತ್ತು ಸಿಟ್ಟು ಮಾಡಿಕೊಂಡಿದ್ದೆನೋ ನೆನಪಿಲ್ಲ. ಆದರೂ ನಂಬಿದೆ.

ಊರವರಿಗೆಲ್ಲ ಅಡುಗೆಮನೆ ಬರೆದುಕೊಡುವವಳು ನಾನು, ನನ್ನ ಮಗನಿಗೊಂದು ಕಪಾಟು ಮಾಡಿಸುವುದು ಯಾವ ದೊಡ್ಡ ಮಾತು? ನೆಲದಿಂದ ಒಂದು ಮೊಳ ಎತ್ತರ, ಮೂಲೆಗಳೆಲ್ಲ ದುಂಡಗೆ, ಎರಡು ಖಾನೆ. ಬಡಿಗನ ತಲೆ ತಿಂದು ಮಾಡಿಸಿದೆ. ಅದರೊಳಗೆ ಏನಿಡಬೇಕು ಎನ್ನುವಲ್ಲಿಗೆ ಬಂದಾಗ ನನ್ನ ತಲೆ ತಿನ್ನುವ ಸರದಿ ಬಂತು.

ನಾನು ಜೈನರ ಮನೆಯಲ್ಲಿ ಹುಟ್ಟಿದವಳಲ್ಲ. ಖಾನಾಪುರದವಳು, ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಮುದ್ದು ಮಾಡುವ ಅವ್ವನ ಮಗಳು. ಒಂದೇ ಆಫೀಸಿನಲ್ಲಿದ್ದಾಗ ಮನಸ್ಸು ಕೂಡಿ, ಎರಡೂ ಮನೆಯವರು ಮುಖ ಊದಿಸಿಕೊಂಡು, ಕೊನೆಗೆ ನಕ್ಕು ಮದುವೆ ಮಾಡಿದರು. ಅತ್ತೆಯ ಮನೆತನ ಈ ಊರಿನ ಹಳೆಯ ಜೈನ ಮನೆತನ. ನೆಲದೊಳಗೆ ಬೆಳೆಯುವ ಗಡ್ಡೆ ಈ ಮನೆಯೊಳಗೆ ಬರುವುದಿಲ್ಲ, ಹೊತ್ತು ಮುಳುಗಿದ ಮೇಲೆ ಅತ್ತೆಯ ಬಾಯಿಗೆ ನೀರೂ ಹೋಗುವುದಿಲ್ಲ. ಅದು ನನಗೆ ರೂಢಿಯಾಗಿ ಎಷ್ಟೋ ಕಾಲವಾಗಿತ್ತು. ಮೊಬೈಲಿನಾಕೆಗೆ ಆಗಿರಲಿಲ್ಲ.

“ಗಜ್ಜರಿ ಉದ್ದುದ್ದ ಹೆಚ್ಚಿ ಇಡಬೇಕಂತ್ರಿ,” ಎಂದು ನಾನು ಓದಿದೆ.

“ಗಜ್ಜರಿ ಬ್ಯಾಡ,” ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಹೇಳಿದರು.

“ಗೆಣಸು ಕುದಿಸಿ...”

“ಗೆಣಸು ಬ್ಯಾಡ.”

“ಬೀಟರೂಟು ಅಂತೂ ಬ್ಯಾಡ, ಗೊತ್ತೈತಿ. ಜೇನತುಪ್ಪ?”

“ಅಯ್ಯ, ಜೇನತುಪ್ಪ ಹೆಂಗ ನಡೀತೈತಿ?”

“ಅಂಜೂರ?”

ಅತ್ತೆ ನನ್ನನ್ನು ನೋಡಿದ ನೋಟದಲ್ಲೇ ಅಂಜೂರ ಬಾಡಿತು.

“ಹಂಗಾದ್ರ ಶೇಂಗಾನೂ ಬ್ಯಾಡ ಬಿಡ್ರಿ, ಅದೂ ನೆಲದಾಗ ಬೆಳೀತೈತಿ,” ಎಂದು ನಾನು ಸಿಡುಕಿದೆ.

“ಶೇಂಗಾ ನಡೀತೈತಿ.”

“ಅದ್ಹೆಂಗ್ರೀ?”

“ನಡೀತೈತಿ ಅಂದ್ನೆಲ್ಲ.”

ಕೊನೆಗೆ ಉಳಿದದ್ದು ಸೇಬು, ಬಾಳೆಹಣ್ಣು, ದಾಳಿಂಬೆ, ತುಪ್ಪದಲ್ಲಿ ಹುರಿದ ಮಖಾನಾ, ಮೆತ್ತಗಿನ ಶೇಂಗಾ ಉಂಡಿ. ಸಾಕು, ಇವನೇನು ಮಠದ ಪಂಕ್ತಿಗೆ ಕೂಡುತ್ತಾನೆಯೇ ಎಂದುಕೊಂಡು ಬಟ್ಟಲು ಜೋಡಿಸಿದೆ. ಹಣ್ಣು ಹೆಚ್ಚಿ ಬಹಳ ಹೊತ್ತು ಇಡಬೇಡ ಎಂದು ಅತ್ತೆ ಇನ್ನೊಂದು ಕಾನೂನು ಸೇರಿಸಿದರು. ಅದಕ್ಕೂ ಹೂಂ ಎಂದೆ. ಆಮೇಲೆ ನನ್ನ ಕಾನೂನು ಹೇಳಿದೆ.

“ಅತ್ತೀ, ತಿಂಡಿ ಹೊತ್ತಿನ್ಯಾಗ ನೀವು ಅಡಗಿಮನಿ ಕಡೆ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಅವನ ಲಕ್ಷ್ಯ ನಿಮ್ಮ ಕಡೆ ಹೋಗ್ತೈತಿ. ನೀವು ತಡಕೊಳ್ಳಾರ್ದ ಎಲ್ಲ್ಯಾರ ‘ತಿನ್ನಪ್ಪಾ’ ಅಂದ್ರ ಮುಗದಹೋತು.”

“ಆತವಾ,” ಎಂದರು. ಅಷ್ಟೇ. ಅಂದಿನಿಂದ ತಿಂಡಿಯ ಹೊತ್ತಾದ ಕೂಡಲೇ ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಆ ಬಾಗಿಲ ಸದ್ದು ನನಗೆ ಸರಿಬರುತ್ತಿರಲಿಲ್ಲ, ಆದರೆ ನನ್ನ ಮಗ ಖಾನಾಪುರಕ್ಕೆ ಹೋಗುವುದು ಅದಕ್ಕಿಂತ ಸರಿಬರುತ್ತಿರಲಿಲ್ಲ.

ಆ ವರ್ಷ ನಮ್ಮ ಓಣಿಯ ಆಚೆಗಿನ ಬಸದಿಯಲ್ಲಿ ಮುನಿಗಳ ಚಾತುರ್ಮಾಸ. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಅತ್ತೆ ದಿನಾ ಮುಂಜಾನೆ ಮಡಿ ಸೀರೆ ಉಟ್ಟು ಮೊಮ್ಮಗನ ಕೈ ಹಿಡಿದು ಮುನಿಗಳ ಆಹಾರ ನೋಡಲು ಹೋಗುತ್ತಿದ್ದರು. ಮುನಿಗಳಿಗೆ ಊಟ ಬಡಿಸುವುದನ್ನು ಇಲ್ಲಿ ಆಹಾರ ಎಂದೇ ಹೇಳುತ್ತಾರೆ. ನಾನು ಹೋದವಳಲ್ಲ. ಬೇರೆ ಹೊತ್ತಿನಲ್ಲಿ ಮುನಿಗಳು ದಾರಿಯಲ್ಲಿ ಬಂದರೆ ಬಾಗಿಲಲ್ಲಿ ನಿಂತು ಕೈಮುಗಿದವಳು, ಅಷ್ಟೇ. ಇಡೀ ದಿನದಲ್ಲಿ ಮನೆ ತಣ್ಣಗಿರುವ ಹೊತ್ತು ಅದೊಂದೇ. ಅಲ್ಲಿ ಏನು ನೋಡುತ್ತೀರಿ ಎಂದು ಕೇಳುವುದಕ್ಕಿಂತ ಬಾಗಿಲು ಹಾಕಿಕೊಂಡು ನಕ್ಷೆ ಮುಗಿಸುವುದು ನನಗೆ ದೊಡ್ಡ ಪುಣ್ಯವಾಗಿ ಕಾಣುತ್ತಿತ್ತು.

ಅಲ್ಲಿಂದ ಬಂದ ಮೇಲೆ ಇವನ ತಿಂಡಿಯ ಹೊತ್ತು. ಮೊದಲನೆಯ ದಿನ ಕಪಾಟು ತೆರೆದಿಟ್ಟು, ನಾನು ಪಕ್ಕದಲ್ಲಿ ಮೂಕಿಯಂತೆ ಕುಳಿತೆ. ಮಗ ಬಂದ. ಕಪಾಟಿನ ಮುಂದೆ ನಿಂತ. ಬಟ್ಟಲುಗಳನ್ನು ನೋಡಿದ. ನನ್ನನ್ನು ನೋಡಿದ. ಬಲಗೈಯನ್ನು ಮಡಿಚಿ ತನ್ನ ಭುಜದ ಮೇಲೆ ಇಟ್ಟುಕೊಂಡ. ಹಾಗೇ ನಿಂತ. ನಾನು ಕಾದೆ. ಮೊಬೈಲಿನಾಕೆ ಹೇಳಿದ್ದಳು, ಮಗು ಯೋಚನೆ ಮಾಡುತ್ತಿರುತ್ತದೆ, ತಡೆಯಬೇಡಿ ಎಂದು. ಮಗ ಯೋಚನೆ ಮಾಡಿದ, ಮಾಡಿದ, ಕೊನೆಗೆ ಗಂಭೀರವಾಗಿ ತಿರುಗಿ ನಡೆದುಬಿಟ್ಟ.

ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ಬಟ್ಟಲಿನ ಜಾಗ ಬದಲಿಸಿದೆ. ಸೇಬನ್ನು ನಕ್ಷತ್ರದ ಹಾಗೆ ಹೆಚ್ಚಿದೆ. ದಾಳಿಂಬೆಯ ಕಾಳಿನಲ್ಲಿ ಕಣ್ಣು, ಬಾಳೆಹಣ್ಣಿನಲ್ಲಿ ಮೂಗು ಮಾಡಿಟ್ಟೆ. ಅವನು ಬರುವನು, ಕೈ ಭುಜದ ಮೇಲೆ, ಎದೆ ಮುಂದೆ, ಕಣ್ಣು ನನ್ನ ಮೇಲೆ. ಎಷ್ಟೋ ಹೊತ್ತು ನಿಂತು, ಏನೋ ಸಿಗಲಿಲ್ಲವೆಂಬಂತೆ ಹೊರಟುಹೋಗುವನು. ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕುಳಿತದ್ದಷ್ಟೇ ಬಂತು. ಮಧ್ಯಾಹ್ನಕ್ಕೆ ನಾಲ್ಕು ತುತ್ತು ಅನ್ನ, ರಾತ್ರಿಗೆ ಒಂದು ಲೋಟ ಹಾಲು, ಅದರಲ್ಲೇ ಹುಡುಗ ಓಡಾಡಿಕೊಂಡಿದ್ದ. ಅವನು ಬಿಟ್ಟ ಸೇಬು, ಬಾಳೆಹಣ್ಣು, ಉಂಡಿ ಎಲ್ಲ ನನ್ನ ಹೊಟ್ಟೆ ಸೇರುತ್ತಿತ್ತು. ಮಗ ಕಡ್ಡಿಯಾದ, ನಾನು ಉಬ್ಬಿದೆ.

“ಒಂದ ಸಲ ಕರದರ ನೋಡು,” ಎಂದು ಗಂಡ ಒಂದು ದಿನ ಮೆಲ್ಲಗೆ ಅಂದರು.

“ಕರದ್ರ ಒತ್ತಾಯ ಆಗ್ತೈತಿ. ಆಕಿ ಸ್ವಚ್ಛ ಹೇಳ್ಯಾಳ.”

“ಯಾರಾಕಿ?”

ನಾನು ಮೊಬೈಲು ತೋರಿಸಿದೆ. ಅವರು ಎದ್ದು ಪೇಪರು ಹಿಡಿದರು. ಜಾಣರು.

ಆ ಭುಜದ ಮೇಲಿನ ಕೈ ಮಾತ್ರ ನನ್ನ ಜೀವ ತಿನ್ನತೊಡಗಿತು. ಬರೀ ತಿಂಡಿಯ ಹೊತ್ತಿಗೆ ಕೈ ಅಲ್ಲಿಗೆ ಹೋಗುತ್ತದೆ, ಅಂದರೆ ಕೈ ಚಾಚಲು ನೋವಾಗುತ್ತಿರಬೇಕು, ಅದಕ್ಕೇ ಬಟ್ಟಲು ಮುಟ್ಟುತ್ತಿಲ್ಲ ಎಂದು ನನ್ನ ತಲೆಗೆ ಹೊಳೆಯಿತು. ಹೊಳೆದದ್ದೇ ತಡ, ಅತ್ತೆಗೆ ಹೇಳಿದೆ, ಇವನ ಭುಜ ನೋಯುತ್ತಿದೆ ಎಂದು. ಎಲ್ಲೋ ಬಿದ್ದಿರಬೇಕು ಎಂದು ಅವರು ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿದರು. ಮಕ್ಕಳ ಡಾಕ್ಟರರ ಹತ್ತಿರ ಓಡಿದೆ. ಅವರು ಕೈ ಮೇಲೆತ್ತಿದರು, ಕೆಳಗಿಳಿಸಿದರು, ತಿರುಗಿಸಿದರು. ಮಗ ಕಚಗುಳಿಯಾಗಿ ಕಿಲಕಿಲ ನಕ್ಕ.

“ಭುಜಕ್ಕ ಏನೂ ಆಗಿಲ್ಲವಾ. ತೂಕ ಮಾತ್ರ ಮುಂದ ಹೋಗವಲ್ಲದು. ಮನ್ಯಾಗ ತಿಂತಾನೋ ಇಲ್ಲೋ?”

“ಅವನೇ ಆರಿಸ್ಕೊಂಡು ತಿನ್ನಲಿ ಅಂತ ಬಿಟ್ಟೇನ್ರಿ.”

“ಚಲೋ ಐತಿ. ಮತ್ತ ಏನು ಆರಿಸ್ತಾನ?”

“ಏನೂ ಇಲ್ರಿ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಮಗನನ್ನು ಎತ್ತಿಕೊಂಡು ಹೊರಬಂದೆ.

ಮಧ್ಯೆ ಒಂದು ಸಲ ಖಾನಾಪುರಕ್ಕೆ ಹೋದೆವು. ಹೋಗಬಾರದಿತ್ತು. ಅವ್ವ ಹಲಸಿ ಊರಿನ ತನ್ನ ತವರಿನಿಂದ ಬಂದ ಗೆಣಸು ಕುದಿಸಿ, ಹಿತ್ತಲಿನ ಕಟ್ಟೆಯ ಮೇಲೆ ತಾಟು ಹಿಡಿದು ಕುಳಿತಳು. ಕಪಾಟಿಲ್ಲ, ಬಟ್ಟಲಿಲ್ಲ.

“ಯಾ ರೇ ಮಾಝ್ಯಾ ರಾಜಾ! ಬರ್ರೀ ಸಾಹೇಬ್ರ, ಬರ್ರೀ, ಹಿಂಗ ಕುಂದರ್ರೀ! ರತಾಳಿ ತಿಂತೀರೇನ್ರೀ?” ಎಂದು ಓಣಿಗೆ ಕೇಳುವ ಹಾಗೆ ಕೂಗಿದಳು.

ಸಾಹೇಬರು ಓಡಿಹೋಗಿ ಕುಂತರು. ಅವ್ವ ಊದಿ ಊದಿ ಕೊಟ್ಟ ಗೆಣಸನ್ನು ಎರಡೂ ಕೈಯಲ್ಲಿ ಹಿಡಿದು ತಿಂದರು. ಇನ್ನಷ್ಟು ಬೇಕೆಂದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೈಯೆಲ್ಲ ಉರಿದುಹೋಯಿತು. ಸಂತೋಷ ಪಡಬೇಕು, ಮಗನ ಹೊಟ್ಟೆ ತುಂಬುತ್ತಿದೆ ಎಂದು. ಎಲ್ಲಿಯ ಸಂತೋಷ! ಎಲ್ಲ ನಿಯಮ ಮುರಿದು, ಬಾಯಿ ತುಂಬ ಕರೆದು, ಹೊಗಳಿ, ಬಾಯಿಗೇ ತುರುಕಿ, ನನ್ನ ಅವ್ವ ಗೆದ್ದುಬಿಟ್ಟಳು.

“ನೋಡಿದೇನು?” ಅವ್ವ ಸೆರಗಿನಿಂದ ಅವನ ಬಾಯಿ ಒರೆಸಿದಳು. “ಖಾನಾಪುರದ ನೀರು! ನಾ ಅವನಿಗೆ ಸಣ್ಣ ಮಂಚಾನೂ ತರಿಸೇನಿ. ದಸರಾ ಆಗ್ಲಿ, ನಾನಾ ಬಂದು ಕರ್ಕೊಂಡು ಬರ್ತೀನಿ.”

ಗೆಣಸು ತಿಂದ ಸುದ್ದಿಯನ್ನು ಅತ್ತೆಗೆ ಹೇಗೆ ಹೇಳಲಿ ಎಂದು ಬಸ್ಸಿನುದ್ದಕ್ಕೂ ಒದ್ದಾಡಿದೆ. ಹೇಳಿಯೇಬಿಟ್ಟೆ. ಅತ್ತೆ “ಹೊಟ್ಟಿ ತುಂಬ ತಿಂದನೇನು?” ಎಂದು ಕೇಳಿದರು. ಹೌದೆಂದೆ. “ಹಂಗಾದ್ರ ಅಲ್ಲೇ ಇರ್ಲಿ ಬಿಡು,” ಎಂದು ಕೋಣೆಗೆ ಹೋದರು. ಬಾಗಿಲು ಮುಂದಾಯಿತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಅವ್ವನ ಮೇಲೆ, ಅತ್ತೆಯ ಮೇಲೆ, ಗೆಣಸಿನ ಮೇಲೆ, ಮೊಬೈಲಿನಾಕೆಯ ಮೇಲೆ. ಆ ಪುಟ್ಟ ಮುಖದ ಮೇಲೆ ಮಾತ್ರ ಬರಲಿಲ್ಲ, ಏಕೆಂದರೆ ಅದು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು.

ದಸರಾ ಬಂತು, ಹೋಯಿತು. ಸೋಮವಾರ ನನ್ನ ಆಫೀಸು. ಶನಿವಾರ ಮುಂಜಾನೆಯೇ ಅವ್ವ ಖಾನಾಪುರದ ಮೊದಲ ಬಸ್ಸಿಗೆ ಬಂದಿಳಿದಳು. ಕೊಟ್ಟ ಮಾತು ಕೊಟ್ಟ ಮಾತೇ. ಮಗನ ಅಂಗಿ, ಚಡ್ಡಿ, ಹೊದಿಕೆ ಎಲ್ಲವನ್ನೂ ಅವ್ವನೇ ಮಡಚಿ ಚೀಲಕ್ಕೆ ತುಂಬಿದಳು. ನಾನು ಕೈ ಹಚ್ಚಲಿಲ್ಲ. ಅತ್ತೆ ಎಂದಿನಂತೆ ಮೊಮ್ಮಗನನ್ನು ಕರೆದುಕೊಂಡು ಆಹಾರಕ್ಕೆ ಹೋಗಿದ್ದರು.

“ಇನ್ನಾ ಬರಲಿಲ್ಲಲ್ಲ. ಬಸ್ಸು ತಪ್ತೈತಿ, ಹೋಗಿ ಕರ್ಕೊಂಡು ಬಾ,” ಎಂದು ಅವ್ವ ನನ್ನನ್ನು ಅಟ್ಟಿದಳು.

ಚಪ್ಪಲಿ ಸಿಕ್ಕಿಸಿಕೊಂಡು, ಸಿಟ್ಟಿನಲ್ಲೇ ದಾಪುಗಾಲು ಹಾಕುತ್ತಾ ಹೋದೆ. ಬಸದಿಯ ಓಣಿಯಲ್ಲಿ ಮನೆಮನೆಯ ಬಾಗಿಲಲ್ಲೂ ಜನ ನಿಂತಿದ್ದರು. ಮಡಿ ಧೋತರ, ಮಡಿ ಸೀರೆ. ಒಬ್ಬರ ಕೈಯಲ್ಲಿ ಕಳಶ, ಒಬ್ಬರ ಕೈಯಲ್ಲಿ ತೆಂಗಿನಕಾಯಿ, ಒಬ್ಬರ ತಾಟಿನಲ್ಲಿ ಹಣ್ಣು. ಓಣಿಯ ತುದಿಯಿಂದ ಮುನಿಗಳು ಬರುತ್ತಿದ್ದರು. ಎಡಗೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲ. ಬಲಗೈಯನ್ನು ಮಡಿಚಿ, ಬೆರಳು ಕೂಡಿಸಿ, ಭುಜದ ಮೇಲೆ ಇಟ್ಟುಕೊಂಡಿದ್ದರು.

ನಾನು ನಿಂತಲ್ಲೇ ನಿಂತೆ.

“ನಮೋಸ್ತು, ನಮೋಸ್ತು! ಇಲ್ಲಿ ನಿಲ್ಲಿ ಸ್ವಾಮಿ, ನಿಲ್ಲಿ!” ಎಂಬ ಅರ್ಥದ ಮಾತುಗಳನ್ನು ಎಲ್ಲ ಬಾಗಿಲಿನವರೂ ಒಟ್ಟಿಗೆ ಕೂಗುತ್ತಿದ್ದರು. ಕೆಲವರ ದನಿ ನಡುಗುತ್ತಿತ್ತು. ಮುನಿಗಳು ಒಂದು ಬಾಗಿಲು ನೋಡಿದರು, ದಾಟಿದರು. ಇನ್ನೊಂದು ನೋಡಿದರು, ದಾಟಿದರು. ಜನರ ನಡುವೆ, ಅತ್ತೆಯ ಸೆರಗಿನ ಪಕ್ಕ, ನನ್ನ ಮಗ ನಿಂತಿದ್ದ. ಬಲಗೈ ಭುಜದ ಮೇಲೆ. ಎದೆ ಮುಂದೆ. ಮುಖದಲ್ಲಿ ಅದೇ ಗಾಂಭೀರ್ಯ.

ಅತ್ತೆಯನ್ನು ಬದಿಗೆ ಎಳೆದೆ.

“ಇವನು ಹಿಂಗ್ಯಾಕ ನಿಂತಾನ್ರಿ?”

“ದಿನಾ ಹಿಂಗ ನಿಲ್ತಾನಲ್ಲ. ಮುನಿಗಳನ್ನ ನೋಡಿ ಕಲ್ತಾನ,” ಅತ್ತೆಯ ಮುಖ ಹಿಗ್ಗಿತು. “ಎಲ್ಲಾರೂ ನೋಡಿ ನಗ್ತಾರ.”

“ನನಗ್ಯಾಕ ಹೇಳಲಿಲ್ಲ ಮತ್ತ?”

“ನೀ ಎಲ್ಲಿ ಕೇಳಿದಿ? ಭುಜಾ ನೋಯ್ತೈತಿ ಅಂದಿ, ಎಣ್ಣಿ ಹಚ್ಚಿದೆ. ಮನ್ಯಾಗೂ ಹಿಂಗ ನಿಲ್ತಾನೇನು?”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಮುನಿಗಳು ಬಾಗಿಲುಬಾಗಿಲು ಯಾಕೆ ದಾಟಿ ಹೋಗುತ್ತಿದ್ದಾರೆ ಎಂದು ಮಾತ್ರ ಕೇಳಿದೆ. ಅತ್ತೆ ಪಿಸುದನಿಯಲ್ಲಿ ಹೇಳಿದರು.

“ಅವ್ರು ಬೇಡೂದಿಲ್ಲ, ಇದು ಬೇಕು ಅಂತ ಕೈ ಚಾಚೂದಿಲ್ಲ. ಮನಸ್ಸಿನ್ಯಾಗ ಒಂದು ವಿಧಿ ಇಟ್ಕೊಂಡು, ಕೈ ಭುಜದ ಮ್ಯಾಲ ಇಟ್ಟು ಹೊಂಡ್ತಾರ. ಇಂಥಾದ್ದು ಕಂಡಲ್ಲೇ ನಿಲ್ಲತೀನಿ ಅಂತ. ಅದು ಏನಂತ ಯಾರಿಗೂ ಹೇಳೂದಿಲ್ಲ. ಕರದ ಮನಿ ಮುಂದ ಅದು ಕಂಡ್ರ ನಿಲ್ತಾರ, ಇಲ್ಲಂದ್ರ ಉಪವಾಸ ತಿರುಗಿ ಹೋಗ್ತಾರ. ಕರೀಲಾರದ ಮನ್ಯಾಗಂತೂ ಒಂದು ಹನಿ ನೀರು ಮುಟ್ಟೂದಿಲ್ಲ.”

ಯಪ್ಪಾ! ಅಡುಗೆಮನೆಯಲ್ಲಿ ಇಷ್ಟು ದಿನ ನಾವಿಬ್ಬರೂ ಎದುರುಬದುರು ನಿಂತಿದ್ದೆವು. ಕರೆಯಬಾರದು ಎಂದು ನಾನು, ಕರೆಯದೆ ಮುಟ್ಟಬಾರದು ಎಂದು ಅವನು. ಯಾವ ವಿಡಿಯೊದಲ್ಲಿ ಇದನ್ನು ಹೇಳಿದ್ದಾರೆ? ಯಾವ ಡಾಕ್ಟರಿಗೆ ಇದು ಗೊತ್ತು? ಮಗನನ್ನು ಎತ್ತಿಕೊಂಡು ಮನೆಯ ಕಡೆ ಓಡಿದೆ. ಅತ್ತೆ ಮಂಡಿ ಹಿಡಿದುಕೊಂಡು, ಏನಾಯಿತೆಂದು ಗಾಬರಿಯಿಂದ ನನ್ನ ಹಿಂದೆಯೇ ಬಂದರು.

“ಬಸ್ಸು...” ಎಂದು ಅವ್ವ ಬಾಯಿ ತೆಗೆದಳು.

“ಬಸ್ಸು ಹೋಗ್ಲಿ! ಒಂದೀಟು ಸುಮ್ನಿರು!”

ಕಪಾಟು ತೆರೆದೆ. ಮಗನನ್ನು ಅಡುಗೆಮನೆಯ ಬಾಗಿಲಲ್ಲಿ ಇಳಿಸಿದೆ. ಅವನ ಕೈ ತಾನಾಗಿ ಭುಜಕ್ಕೆ ಹೋಯಿತು, ಹಾಗೇ ನಡೆಯತೊಡಗಿದ. ಅವಸರದಲ್ಲಿ ಸೇಬಿನ ಬಟ್ಟಲು ಹಿಡಿದು, ಓಣಿಯಲ್ಲಿ ಕೇಳಿದ ‘ನಮೋಸ್ತು’ವನ್ನೇ ಶುರುಮಾಡಿದೆ.

“ಅಯ್ಯ, ಆ ಮಾತು ಆಟಕ್ಕ ಅನಬಾರದು!” ಅತ್ತೆ ಬಾಗಿಲಾಚೆಯಿಂದಲೇ ತಡೆದರು.

ಸರಿ, ಬಿಟ್ಟೆ. “ಬಾರೋ ಮಗಾ, ಬಾ,” ಎಂದೆ. ಅವನು ನನ್ನನ್ನು ಲೈಟು ಕಂಬ ನೋಡಿದ ಹಾಗೆ ನೋಡಿದ. “ಬರ್ರೀ! ಬರ್ರೀ ಸಾಹೇಬ್ರ, ಸೇಬು ತಿನ್ರೀ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಹೆಜ್ಜೆ ನಿಧಾನವಾಯಿತು. ಬಟ್ಟಲು ನೋಡಿದ. ದಾಟಿದ.

ದಾಟಿಬಿಟ್ಟ! ಹೊತ್ತು ಹೆತ್ತವಳನ್ನು ದಾಟಿ ಹೋದ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

“ಸರಕೊ ಅತ್ತಾಗ, ನಿನಗ ಬರೂದಿಲ್ಲ,” ಎಂದು ಅವ್ವ ಬಾಳೆಹಣ್ಣು ಸುಲಿದು ಮುಂದೆ ಬಂದಳು. ಖಾನಾಪುರದಲ್ಲಿ ಗೆದ್ದ ದನಿಯಲ್ಲೇ ಕರೆದಳು. ಅವನು ನಿಂತ ಹಾಗೆ ಮಾಡಿ, ಅವ್ವನ ಕೈ ನೋಡಿ, ಅವಳನ್ನೂ ದಾಟಿದ. ಅವ್ವನ ಕೈಯಲ್ಲಿ ಬಾಳೆಹಣ್ಣು ಹಾಗೇ ಉಳಿಯಿತು. ಅವಳ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಇನ್ನು ಮೂರು ಹೆಜ್ಜೆ ನಡೆದರೆ ಹಿಂಬಾಗಿಲು. ಅಲ್ಲಿಗೆ ಮುಗಿಯಿತು, ಚೀಲ ಎತ್ತುವುದೇ.

“ಅತ್ತೀ, ನೀವು ಬರ್ರಿ!” ಎಂದೆ.

“ನಾನ್ಯಾಕ? ನಾ ಬರಬಾರದು ಅಂದಿದ್ದಿ.”

“ಅಂದಿದ್ದೆ, ಈಗ ಬರ್ರೀ ಅಂತೀನಲ್ಲ!”

ಅತ್ತೆ ಒಳಗೆ ಬಂದರು. ತಡಬಡಿಸುತ್ತಾ ಕಪಾಟಿನಿಂದ ದಾಳಿಂಬೆಯ ಬಟ್ಟಲು ತೆಗೆದುಕೊಂಡು ಹಿಂಬಾಗಿಲ ಹತ್ತಿರ ಹೋದರು. ತಲೆಯ ಮೇಲೆ ಸೆರಗು ಹೊದ್ದರು. ಬಟ್ಟಲನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ಮಂಡಿ ನೋವು ಇದ್ದದ್ದೇ ಇಲ್ಲವೆಂಬಂತೆ ನೆಟ್ಟಗೆ ನಿಂತರು. ಅವರು ಕೂಗಲಿಲ್ಲ. ನಿಧಾನವಾಗಿ, ಪ್ರತಿಯೊಂದು ಮಾತನ್ನೂ ನಡೆಸಿಕೊಂಡು ಬರುವ ಹಾಗೆ ಹೇಳಿದರು.

“ಬರ್ರೀ. ನಮ್ಮ ಮನಿಗೆ ಬರ್ರೀ. ಇಲ್ಲೇ ನಿಲ್ರೀ.”

ಅವನು ನಿಂತ.

ಅವನ ವಿಧಿ ಏನಿತ್ತೋ, ಸೆರಗೋ, ದಾಳಿಂಬೆಯೋ, ಆ ದನಿಯೋ, ಕೇಳಿದರೆ ಹೇಳುವ ವಯಸ್ಸೂ ಅಲ್ಲ, ಹೇಳುವ ಪದ್ಧತಿಯೂ ಅಲ್ಲ. ಭುಜದ ಮೇಲಿನ ಕೈ ಇಳಿಯಿತು. ಮುನಿಗಳು ಉಣ್ಣುವ ಹಾಗೆ ಎರಡೂ ಅಂಗೈ ಕೂಡಿಸಿ ಬೊಗಸೆ ಮಾಡಿ ಮುಂದೆ ಹಿಡಿದ. ಅತ್ತೆ ನಾಲ್ಕು ಕಾಳು ಬೆರಳಲ್ಲಿ ಎತ್ತಿದರು. ಎತ್ತಿದ ಕೈಯನ್ನು ಗಾಳಿಯಲ್ಲೇ ತಡೆದು ನನ್ನ ಕಡೆ ತಿರುಗಿದರು.

“ಕೊಡ್ಲ್ಯಾ?” ಎಂದು ಕೇಳಿದರು.

ತಮ್ಮ ಮನೆಯಲ್ಲಿ, ತಮ್ಮ ಮೊಮ್ಮಗನಿಗೆ, ನಾಲ್ಕು ಕಾಳು ದಾಳಿಂಬೆ ಕೊಡಲು ಆ ಹೆಂಗಸು ನನ್ನ ಅಪ್ಪಣೆ ಕೇಳುತ್ತಿದ್ದರು. ನಾನೇ ಹಾಕಿದ ಕಾನೂನಿನ ಮೇಲೆ ನನಗೇ ಸಿಟ್ಟು ಬಂತು.

“ಕೊಡ್ರೀ ಅತ್ತೀ! ನನ್ನನ್ನೇನು ಕೇಳ್ತೀರಿ? ಲಗೂ ಕೊಡ್ರೀ, ಮತ್ತ ಹೊಂಟಾನು!”

ಕೊಟ್ಟರು. ಅವನು ಬೊಗಸೆಗೆ ಬಾಯಿ ಹಚ್ಚಿ ತಿಂದ. ಮತ್ತೆ ಬೊಗಸೆ ಒಡ್ಡಿದ. ಕೆಂಪು ರಸ ಮೊಳಕೈಗೆ ಇಳಿದು ಅಂಗಿಯ ಮೇಲೆಲ್ಲ ಹರಡಿತು. ದಾಳಿಂಬೆ ಮುಗಿದ ಮೇಲೆ ಉಂಡಿ ಕೇಳಿದ, ಉಂಡಿ ಆದಮೇಲೆ ನನ್ನ ಕೈಯಲ್ಲಿದ್ದ ಸೇಬನ್ನು ಅತ್ತೆಯ ಕೈಗೆ ಕೊಡು ಎಂದು ಬೆರಳು ಮಾಡಿ ತೋರಿಸಿದ. ಕೊಟ್ಟೆ. ಅವರ ಕೈಯಿಂದ ಅದನ್ನೂ ತಿಂದ. ಸೋಮವಾರ ನಾನು ಆಫೀಸಿಗೆ ಹೋಗಬಹುದು, ಇವನು ಈ ಮನೆಯಲ್ಲೇ ಇರಬಹುದು ಎಂದು ನನಗೆ ಗೊತ್ತಾಯಿತು. ಅತ್ತೆಗೂ ಗೊತ್ತಾಯಿತು, ಅವರು ಸೆರಗಿನಿಂದ ಅವನ ಮೊಳಕೈ ಒರೆಸಿದರು.

ಅವ್ವನಿಗೂ ಗೊತ್ತಾಯಿತು. ಅವಳು ಪಡಸಾಲೆಗೆ ಹೋಗಿ ಚೀಲದ ಮುಂದೆ ಕುಳಿತು, ತುಂಬಿದ ಅಂಗಿಗಳನ್ನು ಒಂದೊಂದಾಗಿ ಹೊರಗೆ ತೆಗೆದಿಡತೊಡಗಿದಳು.